ಶಿರೋ ಮೇಡಾದ ನೇಕಾರರ ಬಟ್ಟೆಯನ್ನು ಹೊರದೇಶದವರಿಗೆ ಹೇಗೆ ಪರಿಚಯಿಸಲಿ?

ಎಂಟೋಟೋ_ತಪ್ಪಲು:

ಎಲ್ಲರಿಗೂ ನಮಸ್ಕಾರ. ನಾವಿರುವುದು ಇಥಿಯೋಪಿಯಾದ ಅಡಿಸ್ ಅಬಾಬಾದ ಉತ್ತರಕ್ಕೆ, ಗುಲೇಲೆ ಕಡೆ. ನಮ್ಮ ಯಜಮಾನರಿಗೆ ಇಲ್ಲಿ ಪಾಠ ಹೇಳುವ ಕೆಲಸ. ಮನೆಯಿಂದ ಎಂಟೋಟೋ ಬೆಟ್ಟದ ದಾರಿ ಹಿಡಿದರೆ ಸಿಗುವುದೇ ಶಿರೋ ಮೇಡಾ. ಸಾಲು ಸಾಲು ಅಂಗಡಿ, ಬಾಗಿಲ ತುಂಬ ಬಿಳಿ ಬಟ್ಟೆ ತೂಗುಬಿಟ್ಟಿರುತ್ತಾರೆ. ಹೆಣ್ಣುಮಕ್ಕಳ ಕೆಮಿಸ್, ಮೇಲೆ ಹೊದೆಯುವ ತೆಳ್ಳನೆಯ ನೆತೆಲಾ, ಚಳಿಗೆ ಸುತ್ತಿಕೊಳ್ಳುವ ದಪ್ಪ ಗಾಬಿ. ಬಿಳಿ ಬಟ್ಟೆಯ ಅಂಚಿಗೆ ಬಣ್ಣದ ನೇಯ್ಗೆ ಇರುತ್ತದಲ್ಲ, ಅದಕ್ಕೆ ತಿಬೆಬ್ ಅಂತಾರೆ. ಜನವರಿಯ ತಿಮ್ಕತ್ ಹಬ್ಬ ಹತ್ತಿರ ಬಂತೆಂದರೆ ಅಲ್ಲಿ ಕಾಲಿಡಲು ಜಾಗವಿರುವುದಿಲ್ಲ. ತಿಮ್ಕತ್‌ಗೆ ಉಡದ ಕೆಮಿಸ್ ಚಿಂದಿಯಾಗಿ ಹೋಗಲಿ ಅಂತ ಇಲ್ಲಿ ಗಾದೆಯೇ ಇದೆ.

ಅಂಗಡಿಗಳ ಹಿಂದಿನ ಓಣಿಗಳಲ್ಲಿ ಮಗ್ಗಗಳಿವೆ. ನಾನು ಹೋಗಿ ಕೂರುವ ಮನೆಯ ಹಿರಿಯರನ್ನು ಇಲ್ಲಿಯವರ ಹಾಗೆ ನಾನೂ ಗಾಶೆ ಎಂದೇ ಕರೆಯುತ್ತೇನೆ. ಅವರು ದೊರ್ಜೆ ಜನ. ದಕ್ಷಿಣದಲ್ಲಿ ಅರ್ಬಾ ಮಿಂಚ್ ಊರಿನ ಮೇಲ್ಗಡೆ ಗಾಮೊ ಬೆಟ್ಟಸಾಲಿದೆ, ಅಲ್ಲಿ ಚೆಂಚಾ ಹತ್ತಿರದವರು. ದೊರ್ಜೆಯವರಲ್ಲಿ ಹೆಂಗಸರು ನೂಲುತ್ತಾರೆ, ಗಂಡಸರು ನೇಯುತ್ತಾರೆ. ಅಡಿಸ್‌ನ ಎಷ್ಟೋ ನೇಕಾರರು ಆ ಬೆಟ್ಟದಿಂದಲೇ ಇಳಿದು ಬಂದವರು.

ಗಾಶೆ ತಿಬೆಬ್ ಹಾಕುವುದನ್ನು ನೋಡುತ್ತ ಕೂತರೆ ನನಗೆ ಹೊತ್ತು ಹೋಗಿದ್ದೇ ತಿಳಿಯುವುದಿಲ್ಲ. ಕುಣಿಯೊಳಗೆ ಕಾಲು ಇಳಿಬಿಟ್ಟು ಕೂರುತ್ತಾರೆ. ಬಿಳಿ ನೇಯುವಾಗ ಲಾಳಿ ಸರಸರ ಓಡುತ್ತದೆ. ಅಂಚು ಬಂತೆಂದರೆ ಎಲ್ಲ ನಿಧಾನ. ಉದ್ದಕ್ಕೆ ಕಟ್ಟಿದ ಹಾಸಿನ ಎಳೆಗಳನ್ನು ಬೆರಳ ತುದಿಯಲ್ಲಿ ಎಣಿಸಿ ಎತ್ತುತ್ತಾರೆ, ಅಡಿಯಲ್ಲಿ ಹಸಿರು ನೂಲು ತೂರಿಸುತ್ತಾರೆ, ಪಕ್ಕದಲ್ಲಿ ಎಣಿಸಿ ಹಳದಿ, ಮತ್ತೆ ಎಣಿಸಿ ಕೆಂಪು. ಸಾಲು ಮುಗಿದ ಮೇಲೆ ಒಂದೆಳೆ ಬಿಳಿ ಅಡ್ಡನೂಲು, ಅಂದರೆ ಹೊಕ್ಕು, ಹಾಯಿಸಿ ಹಣಿಗೆಯಿಂದ ಬಡಿಯುತ್ತಾರೆ. ಎದುರಿಗೆ ನಕಾಶೆ ಹಾಳೆ ಇಲ್ಲ. ಹೊಸ ಮಾದರಿ ಕೇಳಿದರೆ ಹಳೆಯ ತುಂಡೊಂದನ್ನು ಪಕ್ಕದಲ್ಲಿ ಇಟ್ಟುಕೊಳ್ಳುತ್ತಾರೆ, ಅಷ್ಟೇ. ಅಗಲದ ಅಂಚಾದರೆ ಬೆಳಗ್ಗೆಯಿಂದ ಮಧ್ಯಾಹ್ನದವರೆಗೆ ಒಂದು ಗೇಣು ಏರಿದರೆ ಹೆಚ್ಚು.

ಈಗ ವಿಷಯಕ್ಕೆ ಬರುತ್ತೇನೆ. ಗಾಶೆಯ ಮಗಳು ಫೋನಿನಲ್ಲಿ ಫೋಟೋ ತೆಗೆದು ಹಾಕಲು ಶುರು ಮಾಡಿದ್ದಾಳೆ. ವಾಷಿಂಗ್ಟನ್ ಸುತ್ತಮುತ್ತ ಇಲ್ಲಿಂದ ಹೋಗಿ ನೆಲೆಸಿದವರು ಬಹಳ, ಅವರಿಂದ ವಿಚಾರಣೆ ಬರುತ್ತಿದೆ. ಇಥಿಯೋಪಿಯಾಗೆ ಸಂಬಂಧವೇ ಇಲ್ಲದ ಹೊರದೇಶದವರೂ ಕೇಳುತ್ತಿದ್ದಾರೆ. ಪ್ರತಿ ಬಟ್ಟೆಯ ಕೆಳಗೆ ನಾಲ್ಕು ಸಾಲು ಬರೆದುಕೊಡಿ ಎಂದು ಆ ಹುಡುಗಿ ನನ್ನನ್ನು ಕೇಳಿದ್ದಾಳೆ.

ಬರೆಯಲು ಕೂತಾಗ ಎಷ್ಟೋ ಪ್ರಶ್ನೆ ಎದ್ದವು. ಬೇರೆ ದೇಶದವರು ಇದನ್ನು ಉಟ್ಟರೆ ಇಲ್ಲಿಯವರಿಗೆ ಬೇಸರವಾಗುವ ಸಂದರ್ಭ ಯಾವುದು, ಖುಷಿಯಾಗುವುದು ಯಾವಾಗ? ಬಟ್ಟೆಯ ಬಗ್ಗೆ ಏನೇನು ತಿಳಿಸಿದರೆ ಕೊಳ್ಳುವವರಿಗೆ ಸತ್ಯ ಹೇಳಿದಂತಾಗುತ್ತದೆ? ಇದೆಲ್ಲದರ ಮಧ್ಯೆ ಹೊರಗಿನ ವ್ಯಾಪಾರಿಯೊಬ್ಬರು ತಿಬೆಬ್ ಮಾದರಿಗಳನ್ನೆಲ್ಲ ಹತ್ತಿರದಿಂದ ಸ್ಪಷ್ಟವಾಗಿ ಫೋಟೋ ತೆಗೆದು ಕಳಿಸಿ, ಒಟ್ಟಿಗೆ ಒಂದಷ್ಟು ಹಣ ಕೊಡುತ್ತೇನೆ ಎಂದಿದ್ದಾರೆ. ಪಾಲಿಯೆಸ್ಟರ್ ಮೇಲೆ ಪ್ರಿಂಟ್ ಹಾಕಿಸುವ ಯೋಚನೆ ಅವರದು. ಅಂಥ ಪ್ರಿಂಟ್ ಕೆಮಿಸ್ ಈಗಾಗಲೇ ಚೀನಾದಿಂದ ಬಂದು ಇಲ್ಲಿಯ ಅಂಗಡಿಗಳಲ್ಲೇ ತೂಗುತ್ತಿವೆ. ಗಾಶೆ ನನ್ನ ಮುಖ ನೋಡಿ "ನೀನೇನು ಹೇಳ್ತೀಯಮ್ಮ" ಅಂದರು.

ನನ್ನ ಮನಸ್ಸಿನಲ್ಲಿ ಕೊರೆಯುತ್ತಿರುವುದು ಒಂದೇ. ಈ ದೇಶದಲ್ಲಿ ಹಬ್ಬಕ್ಕೆ, ಮದುವೆಗೆ, ಚರ್ಚಿಗೆ ಈ ಬಿಳಿ ಬಟ್ಟೆಯೇ ಬೇಕು. ನೇಯ್ದವರನ್ನು ಮಾತ್ರ ಬಹಳ ಕಾಲ ಕೀಳಾಗಿ ಕಂಡರು. ಕುಂಬಾರರು, ಕಮ್ಮಾರರು, ಚರ್ಮ ಹದಮಾಡುವವರ ಜೊತೆ ನೇಕಾರರನ್ನೂ ಪಂಕ್ತಿಯಿಂದ ಆಚೆ ಇಟ್ಟಿದ್ದರು. ನೇಕಾರ ಅನ್ನುವುದನ್ನು ಬೈಗುಳವಾಗಿ ಬಳಸಿದ ಕಾಲವಿತ್ತು ಎಂದು ಗಾಶೆಯ ಹೆಂಡತಿ ಹೇಳುತ್ತಾರೆ. ಬಟ್ಟೆ ಜಗತ್ತೆಲ್ಲ ಸುತ್ತಿ ಬಂದು, ನೇಯ್ದವರ ಹೆಸರು ಮಾತ್ರ ಈ ಓಣಿ ದಾಟದೆ ಉಳಿಯುವುದಾದರೆ ನಾನು ಬರೆದುಕೊಡುವುದರಲ್ಲಿ ಅರ್ಥವಿಲ್ಲ ಅನಿಸುತ್ತದೆ. ಮಗ್ಗ ಗೊತ್ತಿರುವವರು, ಈ ಕಡೆ ಇದ್ದು ಹೋದವರು ದಯವಿಟ್ಟು ತಿಳಿಸಿ.

ಹಾಸುಹೊಕ್ಕು:

ಅಕ್ಕ, ನಮ್ಮದೂ ಮಗ್ಗದ ಮನೆ. ನೀವು ಅಂಚು ಹಾಕುವುದನ್ನು ಬರೆದಿರುವುದು ಓದಿದಾಗ ಕೈಗೆ ಕೆಲಸ ಕೊಟ್ಟ ಹಾಗಾಯಿತು. ಫೋಟೋ ಕೇಳಿದ ವ್ಯಾಪಾರಿಯ ಮಾತು ಆಮೇಲೆ. ಮೊದಲು ಬಟ್ಟೆ.

ನಾಲ್ಕು ಸಾಲು ಬರೆಯುವ ಮೊದಲು ಗಾಶೆಯನ್ನು ಕೂರಿಸಿಕೊಂಡು ನೂಲಿನ ಬಗ್ಗೆ ಕೇಳಿ. ಹಾಸು ಯಾವುದು, ಹೊಕ್ಕು ಯಾವುದು? ಅಲ್ಲಿ ಹಾಸಿನ ನೂಲಿಗೆ ದಿರ್, ಹೊಕ್ಕಿನದಕ್ಕೆ ಮಾಗ್ ಅಂತಾರೆ, ಹಾಗೇ ಕೇಳಿದರೆ ಅವರಿಗೆ ಖುಷಿಯಾಗುತ್ತದೆ. ಹಾಸಿನ ಎಳೆಗೆ ಗಿರಣಿ ನೂಲು ಹಾಕುವುದು ಸಾಮಾನ್ಯ. ಎಳೆತ ತಡೆಯಬೇಕಲ್ಲ. ಹೊಕ್ಕಿನಲ್ಲಿ ಕೈನೂಲು ಇದ್ದರೆ ಬಟ್ಟೆಗೆ ಬೇರೆಯೇ ಮೈ ಬರುತ್ತದೆ, ಎಳೆ ಒಂದು ಕಡೆ ದಪ್ಪ, ಒಂದು ಕಡೆ ಸಣ್ಣ, ಮುಟ್ಟಿದರೆ ಮೆತ್ತಗೆ. ಎರಡೂ ಗಿರಣಿಯದಾದರೂ ಅದು ಕೈಮಗ್ಗದ ಬಟ್ಟೆಯೇ, ಅದರಲ್ಲಿ ಮುಚ್ಚಿಡುವುದೇನೂ ಇಲ್ಲ. ಆದರೆ "ಕೈಮಗ್ಗ" ಎಂದು ಬರೆದದ್ದನ್ನು ಕೊಳ್ಳುವವರು "ಕೈನೂಲು" ಎಂದು ಓದಿಕೊಳ್ಳುತ್ತಾರೆ. ಎರಡನ್ನೂ ಬಿಡಿಸಿ ಬರೆಯಿರಿ. ಬೆಲೆಯಲ್ಲಿ ವ್ಯತ್ಯಾಸ ಯಾಕೆ ಎಂಬುದಕ್ಕೂ ಅಲ್ಲೇ ಉತ್ತರ ಸಿಗುತ್ತದೆ.

ನೂಲುವವರನ್ನು ಮಾತ್ರ ಮರೆಯಬೇಡಿ. ಹತ್ತಿ ಬಿಡಿಸಿ, ಬೀಜ ತೆಗೆದು, ಬಿಲ್ಲಿನ ಹಗ್ಗ ಮೀಟಿ ಹಿಂಜಿ, ಕದಿರಿನಲ್ಲಿ ನೂಲುವುದು ಹೆಂಗಸರ ಕೆಲಸ. ಮಗ್ಗದ ಮುಂದೆ ಕೂತವರ ಫೋಟೋ ಎಲ್ಲರೂ ಹಾಕುತ್ತಾರೆ. ಕದಿರು ಹಿಡಿದ ಕೈ ಯಾವ ಫೋಟೋದಲ್ಲೂ ಇರುವುದಿಲ್ಲ. ಒಂದು ಗಾಬಿಗೆ ಬೇಕಾಗುವ ಕೈನೂಲು ತಯಾರಾಗುವ ಹೊತ್ತು ಅದನ್ನು ನೇಯುವ ಹೊತ್ತಿಗಿಂತ ಎಷ್ಟೋ ಹೆಚ್ಚು. ಗಾಬಿ ನಾಲ್ಕು ಪದರ, ನೆತೆಲಾ ಎರಡು ಪದರ ಎಂದಾಗಲೇ ಲೆಕ್ಕ ಹಾಕಿಕೊಳ್ಳಿ.

ಮುಂದಿನದು ಅಂಚು. ಮಗ್ಗದಲ್ಲೇ ನೇಯ್ದ ತಿಬೆಬ್ ಬೇರೆ, ಬಟ್ಟೆ ಇಳಿಸಿದ ಮೇಲೆ ಸೂಜಿಯಲ್ಲಿ ಹಾಕಿದ ಕಸೂತಿ ಬೇರೆ, ಮಿಷಿನ್ ಕಸೂತಿ ಇನ್ನೂ ಬೇರೆ. ಮೂರೂ ಅಂದವೇ, ಮೂರರ ಬೆಲೆಯೂ ಒಂದೇ ಆಗಬಾರದು. ಫೋಟೋದಲ್ಲಿ ಹಿಂಬದಿ ತೋರಿಸಿಬಿಟ್ಟರೆ ವಾದವೇ ಇಲ್ಲ. ನೇಯ್ದ ಅಂಚಿನಲ್ಲಿ ಬಣ್ಣದ ನೂಲು ಬಟ್ಟೆಯ ಮೈಯೊಳಗೇ ಹೊಕ್ಕು ಹೋಗಿರುತ್ತದೆ, ಹಿಂದೆ ತಿರುಗಿಸಿದರೂ ಚಿತ್ರದ ಗುರುತು ಸಿಗುತ್ತದೆ. ಮಿಷಿನ್ ಕಸೂತಿಯ ಹಿಂದೆ ಅಡಿನೂಲಿನ ಗಿಜಿಗಿಜಿ, ಕೆಲವೊಮ್ಮೆ ಅಂಟಿಸಿದ ಹಾಳೆ ಕೂಡ. ಪ್ರಿಂಟ್ ಆದರೆ ಹಿಂಬದಿ ಪೇಲವ. ಇನ್ನೂ ಅನುಮಾನ ಇರುವವರಿಗೆ ಒಂದೆಳೆ ಕಿತ್ತು ಸುಡಲು ಹೇಳಿ. ಹತ್ತಿ ಸುಟ್ಟರೆ ಕಾಗದ ಸುಟ್ಟ ವಾಸನೆ, ಬೂದಿ ಉದುರುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ.

ವ್ಯಾಪಾರಿಗೆ ಮಾದರಿಗಳ ಫೋಟೋ ಕೊಡಲೇಬೇಡಿ. ಒಂದು ಸಲ ಕೊಟ್ಟ ಹಣ ಒಂದು ಸಲಕ್ಕೆ ಮುಗಿಯಿತು. ಆ ಪ್ರಿಂಟ್ ವಾಪಸ್ ಬಂದು ಗಾಶೆಯ ಓಣಿಯ ಎದುರಿಗೇ ತೂಗುತ್ತದೆ.

ಇನ್ನೊಂದು ಮಾತು, ಕೆಮಿಸ್ ಒಂದನ್ನೇ ಮಾರಬೇಕು ಎಂದೇನಿಲ್ಲ. ಮಾಡೆಲ್ ಲಿಯಾ ಕೆಬೆಡೆ 2007ರಲ್ಲಿ ಲೆಮ್‌ಲೆಮ್ ಎಂಬ ಉಡುಪಿನ ಕಂಪನಿ ಶುರು ಮಾಡಿದ್ದೇ ಇಥಿಯೋಪಿಯಾದ ನೇಕಾರರಿಗೆ ಕೆಲಸ ಉಳಿಯಲಿ ಎಂದು. ಅವರ ಮಗ್ಗದ ಬಟ್ಟೆಯಲ್ಲೇ ದಿನಬಳಕೆಯ ಉಡುಪು ಮಾಡಿಸಿದರು. ಅಡಿಸ್‌ನಲ್ಲೇ ಸಬಾಹಾರ್ ಎಂಬ ಸಂಸ್ಥೆ 2004ರಿಂದ ಇದೆ, ಹತ್ತಿಯ ಜೊತೆ ಹರಳೆಲೆ ತಿನ್ನಿಸಿ ಸಾಕಿದ ಎರಿ ರೇಷ್ಮೆಯನ್ನೂ ಕೈಯಲ್ಲಿ ನೂತು ನೇಯಿಸುತ್ತಾರೆ. ಸಾಧ್ಯವಾದರೆ ಒಮ್ಮೆ ಹೋಗಿ ಅವರು ಚೀಟಿಯಲ್ಲಿ ಏನು ಬರೆಯುತ್ತಾರೆ ನೋಡಿ ಬನ್ನಿ.

ಅಸ್ಮರಾ_ಮೇಷ್ಟ್ರು:

ತಾಯಿ, ನಾನು ಎರಿಟ್ರಿಯಾದ ಅಸ್ಮರಾದಲ್ಲಿ ಹೈಸ್ಕೂಲಿಗೆ ಗಣಿತ ಹೇಳಿದವನು, ಈಗ ನಿವೃತ್ತ. ನಿಮ್ಮ ಪತ್ರ ಓದಿ ಆ ಊರಿನ ಭಾನುವಾರದ ಬೀದಿ ಕಣ್ಣಿಗೆ ಕಟ್ಟಿತು. ಚರ್ಚು ಬಿಟ್ಟ ಮೇಲೆ ರಸ್ತೆ ತುಂಬ ಬಿಳಿ ಬಟ್ಟೆಯ ತಾಯಂದಿರು.

ಮೊದಲನೆಯ ಮಾತು, "ಇಥಿಯೋಪಿಯಾದ ರಾಷ್ಟ್ರೀಯ ಉಡುಪು" ಎಂದು ಬರೆಯಬೇಡಿ. ಈ ಉಡುಪನ್ನು ಹಬೇಶಾ ಬಟ್ಟೆ ಅಂತಾರೆ, ಹಬೇಶಾ ಎಂದರೆ ಇಥಿಯೋಪಿಯಾ, ಎರಿಟ್ರಿಯಾ ಗಡಿಯ ಎರಡೂ ಕಡೆಯ ಎತ್ತರದ ಸೀಮೆಯವರು. ಎರಿಟ್ರಿಯಾದವರಿಗೂ ಇದು ಅಷ್ಟೇ ತಮ್ಮದು, ಅವರು ಆ ಉದ್ದ ಉಡುಪಿಗೆ ಜೂರಿಯಾ ಅಂತಾರೆ. 2018ರ ಆಸ್ಕರ್ ಸಮಾರಂಭಕ್ಕೆ ನಟಿ ಟಿಫನಿ ಹ್ಯಾಡಿಷ್ ಜೂರಿಯಾ ಉಟ್ಟು ಬಂದಿದ್ದರು, ಎರಿಟ್ರಿಯಾದವರಾದ ತಮ್ಮ ತಂದೆಯ ನೆನಪಿಗೆ. ತಂದೆ ತೀರಿಕೊಂಡದ್ದು ಅದರ ಹಿಂದಿನ ವರ್ಷ. ಕೋಟ್ಯಂತರ ಜನ ಈ ಉಡುಪನ್ನು ಮೊದಲ ಸಲ ನೋಡಿದ್ದು ಅಂದೇ ಇರಬೇಕು. ಅದನ್ನು ಯಾರೋ ಇಥಿಯೋಪಿಯಾದ್ದು ಎಂದು ಬರೆದಾಗ ನನ್ನ ಹಳೆಯ ವಿದ್ಯಾರ್ಥಿಗಳು ಎಷ್ಟು ನೊಂದುಕೊಂಡರು ಎಂದು ನನಗೆ ಗೊತ್ತು. ಒಳಗೂ ಹಾಗೇ. ಇಥಿಯೋಪಿಯಾದಲ್ಲಿ 80ಕ್ಕೂ ಹೆಚ್ಚು ಜನಸಮುದಾಯಗಳಿವೆ. ಓರೊಮೊ, ಅಫಾರ್, ಸೊಮಾಲಿ, ಸಿಡಾಮಾ, ಎಲ್ಲರಿಗೂ ಅವರವರ ಉಡುಪಿದೆ. ಆಗಸ್ಟ್‌ನಲ್ಲಿ ಉತ್ತರದ ಟಿಗ್ರಾಯ್ ಕಡೆ ಹುಡುಗಿಯರು ಅಶೆಂಡಾ ಹಬ್ಬಕ್ಕೆ ಉಡುವ ಕಸೂತಿ ಕೆಮಿಸ್ ಅಡಿಸ್‌ನದಕ್ಕಿಂತ ಬೇರೆ ಕಾಣುತ್ತದೆ. ಯಾವ ಸೀಮೆಯ ಮಾದರಿ ಎಂಬುದನ್ನು ಬರೆಯಿರಿ.

ಇನ್ನೊಂದು ವಿಷಯ ಗಮನಿಸಿದ್ದೀರಾ? ನಿಮ್ಮ ಗಾಶೆ ದೊರ್ಜೆಯವರು. ಹಳೆಯ ಲೆಕ್ಕದಲ್ಲಿ ಹಬೇಶಾ ಎಂದರೆ ಅಮ್ಹಾರಾ, ಟಿಗ್ರಾಯ್, ಟಿಗ್ರಿನ್ಯಾ ಜನ. ದಕ್ಷಿಣದ ಗಾಮೊ ಬೆಟ್ಟದವರ ಭಾಷೆಯ ಕುಲವೇ ಬೇರೆ, ಒಮೊಟಿಕ್. ಅಂದರೆ "ಹಬೇಶಾ ಬಟ್ಟೆ" ಎಂದು ಜಗತ್ತು ಕೊಂಡಾಡುವ ಎಷ್ಟೋ ಬಟ್ಟೆಯನ್ನು ನೇಯ್ದ ಕೈ ಆ ಹೆಸರಿನೊಳಗೆ ಇಲ್ಲವೇ ಇಲ್ಲ. ನೀವು ನೇಕಾರರ ಹೆಸರು ಹೊರಗೆ ಬರಬೇಕು ಅಂತೀರಲ್ಲ, ಅದಕ್ಕೆ ಇದಕ್ಕಿಂತ ದೊಡ್ಡ ಕಾರಣ ಬೇಡ. ದೊರ್ಜೆ ಎಂದು ಬರೆಯಿರಿ, ಚೆಂಚಾ ಎಂದು ಬರೆಯಿರಿ.

ಉಡುವ ರೀತಿಗೆ ಬಂದರೆ, ಬೇರೆ ದೇಶದವರು ಉಟ್ಟರೆ ನಾನಿದ್ದಾಗ ಯಾರೂ ಬೇಸರ ಮಾಡಿಕೊಂಡದ್ದು ಕಾಣಲಿಲ್ಲ. ಹಬ್ಬದ ದಿನ ಉಟ್ಟು ಹೋದರೆ ಕೈಹಿಡಿದು ಮನೆಯೊಳಗೆ ಕರೆಯುತ್ತಿದ್ದರು. ನಾನು ಊರು ಬಿಡುವಾಗ ಪಕ್ಕದ ಮನೆಯವರು ಹೊದಿಸಿದ ಗಾಬಿ ಈಗಲೂ ನನ್ನ ಹಾಸಿಗೆಯ ಮೇಲಿದೆ. ಆದರೆ ನೆತೆಲಾ ಹೊದೆಯುವುದರಲ್ಲಿ ಅರ್ಥ ಇದೆ. ಸಂತೋಷದ ದಿನ ಬಣ್ಣದ ಅಂಚು ಕೆಳಗೆ ಇಳಿಬಿದ್ದಿರುತ್ತದೆ. ಸಾವಿನ ಮನೆಗೆ ಹೋಗುವಾಗ ಅದೇ ಅಂಚನ್ನು ಮೇಲಕ್ಕೆ, ಕುತ್ತಿಗೆ ಮುಖದ ಹತ್ತಿರಕ್ಕೆ ತಂದು ಹೊದೆಯುತ್ತಾರೆ. ಚರ್ಚಿಗಾದರೆ ತಲೆ ಮುಚ್ಚಿ, ಎರಡೂ ಹೆಗಲ ಮೇಲೆ. ಗೊತ್ತಿಲ್ಲದ ಹುಡುಗಿ ಮದುವೆಗೆ ಅಂಚು ಮೇಲೆ ಮಾಡಿ ಹೊದ್ದು ಬಂದರೆ ಹಿರಿಯರಿಗೆ ಎದೆ ಧಸಕ್ ಎನ್ನುತ್ತದೆ. ಪ್ರತಿ ನೆತೆಲಾ ಜೊತೆ ಇದನ್ನು ತೋರಿಸುವ ಒಂದು ಚಿತ್ರ ಇಟ್ಟು ಕಳಿಸಿ, ಮಾತಿಗಿಂತ ಅದು ಮೇಲು.

ಬಂದರಿನವ:

ಮೇಡಂ, ನಾನು ರಫ್ತು ಕಾಗದಪತ್ರದ ಕೆಲಸದಲ್ಲಿರುವವನು. ಭಾವನೆಯ ವಿಷಯ ಮೇಷ್ಟ್ರು ಹೇಳಿದ್ದಾರೆ, ನಾನು ಲೆಕ್ಕದ್ದು ಹೇಳುತ್ತೇನೆ.

ಅಮೆರಿಕದವರು ಕೊಳ್ಳುತ್ತಾರೆ ಎಂದಿರಿ. ಆಫ್ರಿಕಾದ ದೇಶಗಳಿಗೆ ಸುಂಕವಿಲ್ಲದೆ ಸರಕು ಕಳಿಸಲು ಅಮೆರಿಕ 2000ದಲ್ಲಿ ಮಾಡಿದ ಆಗೋವಾ ಕಾಯ್ದೆಯ ಸವಲತ್ತು ಇಥಿಯೋಪಿಯಾಗೆ 2022ರ ಜನವರಿ 1ರಿಂದ ತಪ್ಪಿತು. ಟಿಗ್ರಾಯ್ ಯುದ್ಧದ ಕಾರಣಕ್ಕೆ. ಸುಂಕ ಯಾರ ತಲೆಗೆ ಎಂಬುದನ್ನು ಕೊಳ್ಳುವವರಿಗೆ ಮೊದಲೇ ಹೇಳಿಬಿಡಿ. ಪಾರ್ಸೆಲ್ ತಲುಪಿದ ಮೇಲೆ ಹೇಳಿದರೆ ಮನಸ್ತಾಪ. ಬೆಲೆಯನ್ನು ಇಥಿಯೋಪಿಯಾದ ಹಣವಾದ ಬಿರ್‌ನಲ್ಲಿ ಕಟ್ಟಿ ವರ್ಷವಿಡೀ ಅದನ್ನೇ ಹಿಡಿದು ಕೂರಬೇಡಿ. 2024ರ ಜುಲೈ 29ರಂದು ಬಿರ್ ದರವನ್ನು ಮಾರುಕಟ್ಟೆಗೆ ಬಿಟ್ಟರಲ್ಲ, ಡಾಲರಿಗೆ 57ರ ಆಸುಪಾಸಿನಲ್ಲಿದ್ದದ್ದು ಕೆಲವೇ ವಾರದಲ್ಲಿ 100 ದಾಟಿತು. ಹೊರಗಿನಿಂದ ಬರುವ ಮಿಂಚುನೂಲು ಕೊಳ್ಳುವವರಿಗೆ ಅದರ ಬಿಸಿ ತಟ್ಟದೆ ಇರುವುದಿಲ್ಲ. ನೇಕಾರರ ಕೂಲಿ ಮಾತ್ರ ಹಳೆಯ ದರದಲ್ಲೇ ಉಳಿಯುವುದು ನಾನು ಎಲ್ಲ ಕಡೆ ನೋಡಿದ್ದು.

ಮಕ್ಕಳ ಮಾತು ಹೇಳದೆ ಇರಲಾರೆ. ಅಮೆರಿಕದ ಕಾರ್ಮಿಕ ಇಲಾಖೆ ಬಾಲಕಾರ್ಮಿಕರು, ಬಲವಂತದ ದುಡಿಮೆಯಿಂದ ತಯಾರಾಗುವ ಸರಕುಗಳ ಪಟ್ಟಿ ಇಟ್ಟಿದೆ. ಅದರಲ್ಲಿ ಇಥಿಯೋಪಿಯಾದ ಕೈಮಗ್ಗದ ಬಟ್ಟೆ ಇದೆ. ಗಾಮೊ ಬೆಟ್ಟದ ಹಳ್ಳಿಗಳಿಂದಲೇ ಚಿಕ್ಕ ಹುಡುಗರನ್ನು ಶಾಲೆಗೆ ಸೇರಿಸುತ್ತೇವೆ ಎಂದು ಅಡಿಸ್‌ಗೆ ಕರೆತಂದು ಕತ್ತಲವರೆಗೆ ಮಗ್ಗಕ್ಕೆ ಕೂರಿಸಿದ ಪ್ರಕರಣಗಳು ದಾಖಲಾಗಿವೆ. ಗಾಶೆಯ ಮನೆಯಲ್ಲಿ ಹಾಗಿಲ್ಲ ಎಂದು ನಿಮಗೆ ಗೊತ್ತು, ದೂರದಲ್ಲಿ ಕೂತವರಿಗೆ ಹೇಗೆ ಗೊತ್ತಾಗಬೇಕು? ಯಾರು ನೇಯ್ದರು, ಅವರಿಗೆ ಬಟ್ಟೆಗೆ ಎಷ್ಟು ಸಂದಾಯ, ಇದನ್ನು ಬರೆದಿಡಿ. ಆರ್ಡರ್ ಹೆಚ್ಚಾಗಿ ಪಕ್ಕದ ಮಗ್ಗಗಳಿಂದ ತರಿಸುವ ದಿನ ಬಂದರೆ ಆ ಮನೆಗಳಿಗೂ ಹೋಗಿ ಕಣ್ಣಾರೆ ನೋಡಿ ಬನ್ನಿ. ಹಬ್ಬದ ಮುಂದಿನ ಗಡಿಬಿಡಿಯಲ್ಲಿ ಬೇಗ ಬೇಕು ಎಂದು ಒತ್ತಾಯಿಸುವ ಗಿರಾಕಿಗೆ ಇಲ್ಲ ಎನ್ನಲು ಕಲಿಯಬೇಕು. ಆ ಅವಸರದ ಭಾರ ಕೊನೆಗೆ ಬೀಳುವುದು ಅಂಥ ಹುಡುಗರ ಮೇಲೆ.

ಮಾದರಿ ಕೇಳಿದ ವ್ಯಾಪಾರಿಯ ವಿಷಯ. ತಲೆತಲಾಂತರದಿಂದ ಬಂದ ಅಂಚಿನ ಚಿತ್ರಕ್ಕೆ ಇವರೊಬ್ಬರೇ ಒಡೆಯರು ಎಂದು ಕಾನೂನಿನಲ್ಲಿ ಸಾಧಿಸುವುದು ಕಷ್ಟ. ಈ ದೇಶಕ್ಕೆ ಇದರ ಅನುಭವ ಆಗಿದೆ. ಅಲ್ಲಿನ ಧಾನ್ಯವಾದ ಟೆಫ್‌ನ ಹಿಟ್ಟಿನ ಮೇಲೆ ಒಂದು ಡಚ್ ಕಂಪನಿ ಪೇಟೆಂಟ್ ಪಡೆದಿತ್ತು. ಹೇಗ್ ನ್ಯಾಯಾಲಯ ಅದನ್ನು ಅಸಿಂಧು ಎಂದದ್ದು 2018ರಲ್ಲಿ. ಕಾಫಿಯಲ್ಲಿ ಇವರು ಜಾಣತನ ತೋರಿದರು. ಯಿರ್ಗಾಚೆಫ್, ಹರಾರ್, ಸಿಡಾಮೊ ಹೆಸರುಗಳಿಗೆ ಅಮೆರಿಕದಲ್ಲಿ ಟ್ರೇಡ್‌ಮಾರ್ಕ್ ಕೇಳಿದರು, ಸ್ಟಾರ್‌ಬಕ್ಸ್ ಜೊತೆ ಜಟಾಪಟಿ ನಡೆದು 2007ರಲ್ಲಿ ಒಪ್ಪಂದವಾಯಿತು. ಚಿತ್ರವನ್ನು ಕಾಯಲು ಆಗದಿದ್ದರೂ ಹೆಸರನ್ನು ಕಾಯಬಹುದು ಎಂಬುದಕ್ಕೆ ಅದು ಉದಾಹರಣೆ. ಓಣಿಯ ನೇಕಾರರು ಸೇರಿ ಒಂದು ಗುರುತು ಮಾಡಿಕೊಂಡು ನೋಂದಾಯಿಸಲು ನೋಡಲಿ. ಸುಲಭದ ಕೆಲಸ ಅನ್ನುವುದಿಲ್ಲ, ಆದರೆ ಇಂದು ಶುರು ಮಾಡುವುದಕ್ಕೆ ಯೋಗ್ಯವಾದ ಕೆಲಸ.

ಬೆಳ್ಳಕ್ಕಿ:

ಎಲ್ಲರೂ ಪ್ರಿಂಟ್ ಕೆಮಿಸ್ ಮೇಲೆ ಮುಗಿಬಿದ್ದಿದ್ದೀರಿ. ಕೈಮಗ್ಗದ ಕೆಮಿಸ್ ಕೊಳ್ಳಲಾಗದ ಹುಡುಗಿ ಹಬ್ಬಕ್ಕೆ ಏನು ಉಡಬೇಕು? ಮನೆಗೆಲಸ ಮಾಡುವವಳು, ಹೊಟೇಲಿನಲ್ಲಿ ಪಾತ್ರೆ ತೊಳೆಯುವವಳು, ಅವರಿಗೂ ತಿಮ್ಕತ್ ಇದೆಯಲ್ಲ?

ಎಂಟೋಟೋ_ತಪ್ಪಲು:

ಬೆಳ್ಳಕ್ಕಿ ಅವರೇ, ನೀವು ಕೇಳಿದ್ದು ಸರಿಯಾದ ಪ್ರಶ್ನೆ. ನಮ್ಮ ಮನೆಯ ಕೆಲಸಕ್ಕೆ ಬರುವ ಹುಡುಗಿ ಉಡುವುದೂ ಪ್ರಿಂಟ್ ಕೆಮಿಸ್ಸೇ, ಅದರಲ್ಲಿ ಅವಳು ಎಷ್ಟು ಚಂದ ಕಾಣುತ್ತಾಳೆ. ಉಡುವವರ ಬಗ್ಗೆ ನನಗೆ ಒಂದು ಮಾತೂ ಇಲ್ಲ. ಪ್ರಿಂಟನ್ನು "ಕೈಯಲ್ಲಿ ನೇಯ್ದದ್ದು" ಎಂದು ಹೊರದೇಶದವರಿಗೆ ಮಾರುತ್ತಾರಲ್ಲ, ನನ್ನ ಸಂಕಟ ಅಲ್ಲಿದೆ. ಗಾಶೆಯ ಹೆಂಡತಿಯ ಹತ್ತಿರ ನಿಮ್ಮ ಪ್ರಶ್ನೆ ಹೇಳಿದೆ. ಕಡಿಮೆ ದುಡ್ಡಿನವರಿಗೆ ಕೆಮಿಸ್ ಪೂರ್ತಿ ಮಗ್ಗದ್ದೇ ಆಗಬೇಕಿಲ್ಲ, ನೆತೆಲಾ ಒಂದು ಮಗ್ಗದ್ದು ಇರಲಿ, ಸಣ್ಣ ಅಂಚಿನದು ನಾವು ಕಡಿಮೆಗೆ ಕೊಡುತ್ತೇವೆ, ಯಾವತ್ತೂ ಕೊಟ್ಟಿದ್ದೇವೆ ಎಂದರು. ಅದು ನನಗೆ ಹೊಳೆದಿರಲೇ ಇಲ್ಲ.

ಮಿಕ್ಕವರಿಗೆ ಕೈಮುಗಿದೆ. ನಿಮ್ಮ ಮಾತುಗಳನ್ನು ನನ್ನ ಅರೆಬರೆ ಅಮ್ಹಾರಿಕ್‌ನಲ್ಲಿ ಗಾಶೆಗೆ ಹೇಳಿದೆ, ತಪ್ಪಿದ ಕಡೆ ಮಗಳು ಸರಿಮಾಡಿದಳು. ವ್ಯಾಪಾರಿಗೆ ಫೋಟೋ ಕಳಿಸುವುದಿಲ್ಲ ಎಂದು ಅವರೇ ತೀರ್ಮಾನಿಸಿದರು. ಬಟ್ಟೆ ಬೇಕಾದರೆ ನೇಯ್ದುಕೊಡುತ್ತೇನೆ ಎಂದು ಉತ್ತರ ಹಾಕಿಸಿದರು. ಮಕ್ಕಳ ವಿಷಯ ಬಂದಾಗ ಮಾತ್ರ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, ಬರೆ, ನಮ್ಮ ಮನೆಯಲ್ಲಿ ಮಗ್ಗಕ್ಕೆ ಕೂರುವವರು ಯಾರು ಯಾರು ಎಂದು ಬರೆ, ಬಂದು ನೋಡುವವರು ಬರಲಿ ಎಂದರು.

ಒಂದು ಕಂಬಳಿಯಷ್ಟು ದೊಡ್ಡ ಲೇಖನ ಬರೆಯುವ ಆಸೆ ಇತ್ತು ನನಗೆ. ಹುಡುಗಿ ಕೇಳಿದ್ದು ನಾಲ್ಕೇ ಸಾಲು ಎಂದು ಚಿಕ್ಕದು ಮಾಡಿದೆ. ಮೊದಲ ನೆತೆಲಾಗೆ ಹೀಗೆ ಬರೆದಿದ್ದೇನೆ, ನೋಡಿ ಹೇಳಿ:

"ನೆತೆಲಾ, ಎರಡು ಪದರ. ಹಾಸು ಗಿರಣಿಯ ಹತ್ತಿನೂಲು. ಹೊಕ್ಕು ಕೈನೂಲು, ಮನೆಯ ತಾಯಿ ಕದಿರಿನಲ್ಲಿ ನೂತದ್ದು. ಅಂಚನ್ನು ಕುಣಿಮಗ್ಗದಲ್ಲೇ ಎಳೆ ಎತ್ತಿ ನೇಯ್ದಿದ್ದಾರೆ, ಕಸೂತಿಯಲ್ಲ. ಹಿಂಬದಿಯ ಫೋಟೋ ನೋಡಿ. ಹಸಿರು, ಹಳದಿ, ಕೆಂಪು ನೂಲು ಅಂಗಡಿಯಿಂದ ಕೊಂಡದ್ದು. ನೇಯ್ದವರು ಚೆಂಚಾದ ದೊರ್ಜೆ ನೇಕಾರರು, ಈಗಿರುವುದು ಅಡಿಸ್ ಅಬಾಬಾದ ಶಿರೋ ಮೇಡಾದಲ್ಲಿ. ಎಳೆ ಕೆಲವು ಕಡೆ ದಪ್ಪವಿದೆ, ಕೈನೂಲು ಇರುವುದೇ ಹಾಗೆ. ಹಬ್ಬಕ್ಕೆ ಅಂಚು ಕೆಳಗೆ ಬರುವಂತೆ ಹೊದೆಯಿರಿ."

ಇದರ ಕೆಳಗೆ ಗಾಶೆಯ ಹೆಸರು, ನೂತ ಅವರ ಹೆಂಡತಿಯ ಹೆಸರು ಬರುತ್ತದೆ. ಇಲ್ಲಿ ಹಾಕುವುದಿಲ್ಲ, ಬಟ್ಟೆಯ ಚೀಟಿಯಲ್ಲಿ ಇರುತ್ತದೆ. ಹೆಂಡತಿಯ ಹೆಸರನ್ನೂ ಹಾಕುತ್ತೇನೆ ಎಂದಾಗ ಆಕೆ ನೂಲುತ್ತಿದ್ದ ಕದಿರು ನಿಲ್ಲಿಸಿ, ನನ್ನದು ಯಾಕೆ ಎಂದರು. ಮಗಳು ಉತ್ತರ ಕೊಡದೆ ಕಾಗದದ ಮೇಲೆ ತಾಯಿಯ ಹೆಸರನ್ನು ದೊಡ್ಡದಾಗಿ ಬರೆದು ತೋರಿಸಿದಳು.

ಹಾಸುಹೊಕ್ಕು:

ಬಹಳ ಚೆನ್ನಾಗಿದೆ ಅಕ್ಕ. ಅಳತೆ ಒಂದು ಸೇರಿಸಿ, ಉದ್ದ ಅಗಲ ಎರಡೂ. ಬಿಚ್ಚಿ ಹಾಸಿ ಅಳೆಯಿರಿ, ಮಡಿಸಿದಾಗಿನ ಅಳತೆ ಕೊಟ್ಟರೆ ಗೊಂದಲ. ಒಗೆಯುವ ವಿಷಯವೂ ಬೇಕು. ಕೆಂಪು ನೂಲು ಬಿಳಿಗೆ ಬಣ್ಣ ಬಿಟ್ಟರೆ ಬಟ್ಟೆ ವಾಪಸ್ ಬರುತ್ತದೆ.

ಎಂಟೋಟೋ_ತಪ್ಪಲು:

ಇವತ್ತೇ ಗಾಶೆಯ ಹೆಂಡತಿಯನ್ನು ಕೇಳಿದೆ. ಮೊದಲ ಒಗೆತ ಬೇರೆಯಾಗಿ, ತಣ್ಣೀರಿನಲ್ಲಿ, ನೆನೆಹಾಕದೆ. ಕಡಿಮೆ ಖಾರದ ಸೋಪು, ಬ್ಲೀಚ್ ಬೇಡವೇ ಬೇಡ. ಹಿಂಡಿ ತಿರುಚಬಾರದು, ಒತ್ತಿ ನೀರು ತೆಗೆಯಬೇಕು. ಅಂಚು ಬಿಳಿಯ ಮೇಲೆ ಕೂರದ ಹಾಗೆ ಹರವಿ ನೆರಳಲ್ಲಿ ಒಣಗಿಸಬೇಕು. ಗಾಬಿ ನೀರು ಕುಡಿದರೆ ಎತ್ತಲಾರದಷ್ಟು ಭಾರ, ಅದಕ್ಕೆ ಇಬ್ಬರು ಬೇಕು.

ಆಕೆಯ ತಾಯಿ ಸೋಪು ಮುಟ್ಟುತ್ತಿರಲಿಲ್ಲವಂತೆ. ಎಂಡೋಡ್ ಎಂಬ ಗಿಡದ ಕಾಯಿ ಒಣಗಿಸಿ ಕುಟ್ಟಿ ನೀರಿಗೆ ಹಾಕಿದರೆ ನೊರೆ ಬರುತ್ತದೆ, ಅದರಲ್ಲೇ ಒಗೆತ. ಮನೆಗೆ ಬಂದು ಯಜಮಾನರ ಹತ್ತಿರ ಹೇಳಿದರೆ ಅವರು ಇನ್ನೊಂದು ಕಥೆ ತೆಗೆದರು. 1964ರಲ್ಲಿ ಅಕ್ಲಿಲು ಲೆಮ್ಮಾ ಎಂಬ ಇಲ್ಲಿನ ವಿಜ್ಞಾನಿ ಅಡ್ವಾದಲ್ಲಿ ಹೆಂಗಸರು ಎಂಡೋಡ್ ಹಾಕಿ ಬಟ್ಟೆ ಒಗೆಯುವ ಹೊಳೆಯ ಕೆಳಭಾಗದಲ್ಲಿ ಬಸವನಹುಳುಗಳು ಸತ್ತು ಬಿದ್ದದ್ದನ್ನು ಗಮನಿಸಿದರಂತೆ. ಬಿಲ್ಹಾರ್ಜಿಯಾ ರೋಗ ಹರಡುವುದೇ ಆ ಹುಳುಗಳಿಂದ. ಅಲ್ಲಿಂದ ಶುರುವಾದ ಸಂಶೋಧನೆಗೆ 1989ರಲ್ಲಿ ಅವರಿಗೂ ಸಹೋದ್ಯೋಗಿ ಲೆಗೆಸ್ಸೆ ವೊಲ್ದೆ ಯೊಹಾನ್ನೆಸ್ ಅವರಿಗೂ ರೈಟ್ ಲೈವ್ಲಿಹುಡ್ ಪ್ರಶಸ್ತಿ ಬಂತು. ಇದನ್ನು ಚೀಟಿಯಲ್ಲಿ ಹಾಕಲು ಜಾಗವಿಲ್ಲ, ಕೊಳ್ಳುವವರಿಗೆ ಅಲ್ಲಿ ಎಂಡೋಡ್ ಸಿಗುವುದೂ ಕಷ್ಟ.

ಅಳತೆಗೆ ನಾಳೆ ಟೇಪು ತೆಗೆದುಕೊಂಡು ಹೋಗುತ್ತೇನೆ. ಅಸ್ಮರಾ ಮೇಷ್ಟ್ರೇ, ಹೊದೆಯುವ ಚಿತ್ರ ಬರೆಯಲು ಗಾಶೆಯ ಮಗಳು ಒಪ್ಪಿದ್ದಾಳೆ, ಹಬ್ಬದ್ದು ಮತ್ತು ಚರ್ಚಿನದು. ಸಾವಿನ ಮನೆಯದನ್ನು ಬರೆಯಲು ಆಕೆಯ ತಾಯಿ ಬೇಡ ಎಂದರು. ಅದನ್ನು ಒಂದು ಸಾಲಿನಲ್ಲಿ ಬರೆದು ಬಿಡುತ್ತೇನೆ. ಆ ಸಾಲು ಬರೆದಾದ ಮೇಲೆ ಇಲ್ಲಿ ಹಾಕುತ್ತೇನೆ, ದಯವಿಟ್ಟು ತಿದ್ದಿಕೊಡಿ.